ಒಬ್ಬಾಕಿಗಿ ಸೀಟು, ಒಬ್ಬಾಕಿಗಿ ಶಾಲು

ಮೊದಲೇ ಕ್ಷಮೆ ಕೇಳುತ್ತೇನೆ. ಇದನ್ನು ನಾನು ಹೇಳಬಹುದೋ ಬಾರದೋ ಎಂಬುದು ನನಗಿನ್ನೂ ಇತ್ಯರ್ಥವಾಗಿಲ್ಲ. ಹೇಳಬೇಕಾದವರು ಇಬ್ಬರು ಹುಡುಗಿಯರು, ಅವರು ಬಾಯಿ ಬಿಡುತ್ತಿಲ್ಲ. ಊರಿನವರು ತಮಗೆ ತೋಚಿದ್ದನ್ನು ಹೇಳಿಕೊಂಡು ತಿರುಗುತ್ತಿದ್ದಾರೆ, ಅದರಲ್ಲಿ ಒಬ್ಬಳ ಹೆಸರು ಕೆಡುತ್ತಿದೆ. ನಾನು ಹಗಲು ಬೇಳೆ ಮಿಲ್ಲಿನಲ್ಲಿ ಚೀಲ ಹೊಲಿದು, ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದವನು. ಒಂದು ಇಸವಿ ಹೇಳುವ ಮುಂಚೆ ಈಗಲೂ ಎರಡು ಪುಸ್ತಕ ತೆಗೆದು ನೋಡುತ್ತೇನೆ. ಈ ಸಂಗತಿಗೆ ತೆಗೆದು ನೋಡುವ ಪುಸ್ತಕ ಇಲ್ಲ. ತಪ್ಪಾದರೆ ತಿದ್ದಿರಿ.

ನಿಂಬರ್ಗಾದ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ ನಾನು, ಹೆಸರು ಸೂರ್ಯಕಾಂತ. ಮೇಲ್ವಿಚಾರಕ ಎಂದರೆ ಬಾಗಿಲು ತೆಗೆಯುವವನೂ ಕಸ ಹೊಡೆಯುವವನೂ ನಾನೇ. ಪೇಪರು ಓದುವ ಮುದುಕರು ಎದ್ದು ಹೋದ ಮೇಲೆ ದಿನಾ ಮಧ್ಯಾಹ್ನ ಇಬ್ಬರು ಹುಡುಗಿಯರು ಬರುತ್ತಿದ್ದರು. ಪಲ್ಲವಿ ಮತ್ತು ಭಾಗ್ಯಜ್ಯೋತಿ. ಆಳಂದದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬಂದು ಡಿಗ್ರಿ ಮುಗಿಸಿದವರು. ಪಲ್ಲವಿಯ ತಾಯಿ ಭಾಗಮ್ಮ ಹೊಲದ ಕೂಲಿಗೆ ಹೋಗುವಾಕೆ. ತಂದೆ ಇಲ್ಲ. ಅವರ ಓಣಿಯ ತುದಿಯಲ್ಲಿ ತಗಡಿನ ಮಾಡಿನ ಚಿಕ್ಕ ಬುದ್ಧವಿಹಾರವಿದೆ. ಅಲ್ಲಿ ಪ್ರತಿ ಭಾನುವಾರ ಮೊಂಬತ್ತಿ ಹಚ್ಚಿ ತ್ರಿಶರಣ, ಪಂಚಶೀಲ ಓದಿಸುವವಳು ಪಲ್ಲವಿಯೇ. ಭಾಗ್ಯಜ್ಯೋತಿ ದೌಲತರಾಯರ ಮಗಳು. ಊರ ಸುತ್ತ ಅರ್ಧ ತೊಗರಿ ಹೊಲ ಅವರದು, ಭಾಗಮ್ಮ ಕೂಲಿಗೆ ಹೋಗುವುದೂ ಅಲ್ಲಿಗೇ.

ಆಳಂದದ ಒಂದು ಟ್ರಸ್ಟಿನವರು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಸೇರಿಸಿ ಸಾಮಾನ್ಯ ಜ್ಞಾನದ ಸ್ಪರ್ಧೆ ಇಟ್ಟರು. ಇತಿಹಾಸ, ಭೂಗೋಳ, ವಿಜ್ಞಾನ, ಹೂವು, ತತ್ವಜ್ಞಾನ. ಹೂವು ಯಾಕೆ ಎಂದು ನಾನೂ ಆಶ್ಚರ್ಯಪಟ್ಟೆ. ಆಮೇಲೆ ತಿಳಿಯಿತು, ಪ್ರಶ್ನೆ ತೆಗೆಯುವವಳು ಟ್ರಸ್ಟಿನ ಯಜಮಾನರಾದ ಶಾಂತಲಿಂಗಪ್ಪನವರ ಸೊಸೆ ಮಧುಮತಿ, ಸಸ್ಯಶಾಸ್ತ್ರ ಓದಿದಾಕೆ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ಗೆದ್ದ ಜೋಡಿಗೆ ಕಲಬುರಗಿಯಲ್ಲಿ ಒಂದು ವರ್ಷ ನೌಕರಿ ಪರೀಕ್ಷೆಯ ತರಬೇತಿ, ಊಟ ವಸತಿ ಸಮೇತ, ಪುಕ್ಕಟೆ.

ಭಾಗ್ಯಜ್ಯೋತಿಗೆ ಅದು ಒಂದು ಹುರುಪು. ಪಲ್ಲವಿಗೆ ಅದೇ ಎಲ್ಲ. ಈ ತೊಗರಿ ಸುಗ್ಗಿಯೊಳಗೆ ಒಂದು ದಾರಿ ಕಾಣದಿದ್ದರೆ ನೀನೂ ಕೂಲಿಗೆ ಬರಬೇಕೆಂದು ತಾಯಿ ಹೇಳಿದ್ದಳು. ಸಿಟ್ಟಿನಿಂದ ಹೇಳಿದ ಮಾತಲ್ಲ, ಮನೆ ನಡೆಯುವುದು ಹಾಗೆ.

ಸ್ಪರ್ಧೆಗೆ ಒಂದು ನಿಯಮವಿತ್ತು. ಗದ್ದಲ ಆಗಬಾರದೆಂದು ಜೋಡಿಗೆ ಒಂದೇ ಮೈಕು. ಮುಖ್ಯ ಸ್ಪರ್ಧಿ ಮಾತ್ರ ಉತ್ತರ ಹೇಳಬೇಕು, ಸಹಾಯಕಿ ಬೇಕಾದರೆ ಕಿವಿಯಲ್ಲಿ ಹೇಳಬಹುದು. ಮೈಕಿನಲ್ಲಿ ಬಂದ ಮೊದಲ ಮಾತೇ ಉತ್ತರ. ಮುಖ್ಯ ಸ್ಪರ್ಧಿ ಯಾರು ಎಂದು ನಮ್ಮಲ್ಲಿ ಚರ್ಚೆಯೇ ಆಗಲಿಲ್ಲ. ಹೆಸರು ಬರೆಯಿಸಲು ದೌಲತರಾಯರೇ ಆಳಂದಕ್ಕೆ ಹೋದರು. ನಮ್ಮೂರಲ್ಲಿ ಸ್ವಾತಂತ್ರ್ಯ ದಿನವಿರಲಿ, ಕಣ್ಣಿನ ತಪಾಸಣೆಯ ಶಿಬಿರವಿರಲಿ, ಮೈಕು ಅವರ ಮನೆಯವರ ಕೈಗೇ ಹೋಗುತ್ತದೆ. ಮಳೆ ಯಾವ ದಿಕ್ಕಿನಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ ಇದನ್ನೂ ಯಾರೂ ಕೇಳುವುದಿಲ್ಲ. ಪಲ್ಲವಿಯೂ ಕೇಳಲಿಲ್ಲ. ಗೆದ್ದರೆ ಇಬ್ಬರಿಗೂ ಸೀಟು, ಮಾತಾಡುವವರು ಯಾರಾದರೇನು.

ತಯಾರಿ ಜೋರಾಗಿ ನಡೆಯಿತು. ನಾನು ಕೇಳುವುದು, ಪಲ್ಲವಿ ಭಾಗ್ಯಜ್ಯೋತಿಯ ಕಿವಿಯಲ್ಲಿ ಹೇಳುವುದು, ಆಕೆ ಜೋರಾಗಿ ಹೇಳುವುದು. ಭಾಗ್ಯಜ್ಯೋತಿ ದಡ್ಡಿಯಲ್ಲ, ಅದನ್ನು ಹೇಳಲೇಬೇಕು. ಓದಿದ್ದು ಅವಳಿಗೂ ನೆನಪಿರುತ್ತಿತ್ತು, ಗಾಬರಿಯಾದರೆ ಮಾತ್ರ ಒಂದರ ಬದಲು ಇನ್ನೊಂದು ಹೇಳಿಬಿಡುತ್ತಿದ್ದಳು. ಪಲ್ಲವಿ ಓದಿದ್ದನ್ನು ಮರೆತದ್ದು ನಾನು ಕಂಡಿಲ್ಲ.

ಒಂದು ದಿನ ನಾನು ಕೇಳಿದೆ, "ತಾನು ಒಂದಕ್ಷರ ಬರೀಲಿಲ್ಲ, ಹೇಳಿದ್ದನ್ನ ಶಿಷ್ಯರು ಬರೆದಿಟ್ಟರು. ಗ್ರೀಸ್ ದೇಶದ ಆ ತತ್ವಜ್ಞಾನಿ ಯಾರು?"

ಕಿವಿಯಲ್ಲಿ ಪಿಸುಮಾತು. ಭಾಗ್ಯಜ್ಯೋತಿ ಹೇಳಿದಳು, "ಸಾಕ್ರೆಟಿಸ್."

ಪಲ್ಲವಿ ನಕ್ಕಳು. "ನೋಡ್ರಿ ಸರ್, ಅಂವ ಹೇಳ್ದ, ಶಿಷ್ಯ ಬರ್ದ. ಆದ್ರೂ ಹೆಸರು ಅವನದೇ ಉಳೀತು. ಜ್ಯೋತಿ, ನೀ ಅಷ್ಟು ಚೊಲೋ ಶಿಷ್ಯ ಆಗ್ತೀ ಏನ ಬೇ?"

"ಮೊದ್ಲ ನಿನಗ ವಿಷ ಕುಡಸ್ತೀನಿ, ಆಮ್ಯಾಲ ಆಗ್ತೀನಿ," ಎಂದಳು ಭಾಗ್ಯಜ್ಯೋತಿ.

ಇಬ್ಬರೂ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನಾನೂ ನಕ್ಕೆ.

ಇನ್ನೊಂದು ದಿನದ ಮಾತನ್ನೂ ಹೇಳಬೇಕು, ಮುಂದೆ ಬೇಕಾಗುತ್ತದೆ. ಅಂಬೇಡ್ಕರರ ಜೀವನದ ಪ್ರಶ್ನೆಗಳು ನಡೆದಿದ್ದವು. ಭಾಗ್ಯಜ್ಯೋತಿ ತಲೆ ಕೆರೆದುಕೊಂಡಳು. "ದೀಕ್ಷಾಭೂಮಿ, ಚೈತ್ಯಭೂಮಿ. ಯಾವ್ದು ಎಲ್ಲದ ಅಂತ ನನಗ ಪ್ರತಿ ಸಲ ಗೊಂದಲ ಆಗ್ತದ ನೋಡ್ರಿ."

"ಅದ್ರಾಗೇನದ ಗೊಂದಲ?" ಎಂದಳು ಪಲ್ಲವಿ. "ದೀಕ್ಷಾ ತಗೊಂಡಿದ್ದು ನಾಗಪುರದಾಗ, ದೀಕ್ಷಾಭೂಮಿ. ಅಂತ್ಯಕ್ರಿಯಾ ಆಗಿದ್ದು ಮುಂಬೈದಾಗ, ಚೈತ್ಯಭೂಮಿ. ನಮ್ಮವ್ವ ಪ್ರತಿ ದಸರಾಕ್ಕ ರೊಟ್ಟಿ ಕಟ್ಕೊಂಡು ನಾಗಪುರದ ರೈಲು ಹತ್ತತಾಳ. ನಾ ಬಗಲಾಗ ಇದ್ದಾಗಿಂದ ಹೋಗೇನಿ."

ಅವರ ಮನೆಗೆ ಹೋದವರಿಗೆ ಗೊತ್ತು, ಬಾಗಿಲಿಗೆ ಎದುರಿನ ಗೋಡೆಯಲ್ಲಿ ದೀಕ್ಷಾಭೂಮಿಯ ಬಿಳಿ ಗುಮ್ಮಟದ ಫೋಟೋ ಇದೆ. ಅದರ ಮುಂದೆ ನಿಂತುಕೊಂಡೇ ಪಲ್ಲವಿ ದಿನಾ ತಲೆ ಬಾಚಿಕೊಳ್ಳುವುದು.

ಅಂತಿಮ ಸುತ್ತು ಆಳಂದದ ಒಂದು ಕಲ್ಯಾಣ ಮಂಟಪದಲ್ಲಿ. ಉಳಿದದ್ದು ಮೂರು ಜೋಡಿ: ನಾವು, ಅಫಜಲಪುರದ ಕಡೆಯಿಂದ ಹವಳಗಾದವರು, ಮತ್ತು ಜೇವರ್ಗಿಯವರು. ದೌಲತರಾಯರ ಜೀಪಿನಲ್ಲಿ ಹೋದೆವು. ಭಾಗಮ್ಮ ಅಂದಿನ ಕೂಲಿ ಬಿಟ್ಟು ಬಂದಿದ್ದಳು. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತು, ದಾರಿಯುದ್ದಕ್ಕೂ ಮಗಳ ದುಪಟ್ಟದ ಸುಕ್ಕನ್ನು ಅಂಗೈಯಲ್ಲಿ ತೀಡುತ್ತಿದ್ದಳು.

ನನ್ನ ಅಕ್ಷರ ದುಂಡಗಿದೆ ಎಂದು ಅಂಕ ಬರೆಯಲು ನನ್ನನ್ನು ಕರೆದರು. ವೇದಿಕೆಯ ಹಿಂಬದಿಗೆ ಕರಿಹಲಗೆ, ಅದರ ಮುಂದೆ ಮೂರು ಮೇಜು. ಬರೆಯುವಾಗ ನನ್ನ ಬೆನ್ನು ಹುಡುಗಿಯರ ಕಡೆಗೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಕೊನೆಗೆ ಗೊತ್ತಾಗುತ್ತದೆ.

ಮೊದಲ ನಾಲ್ಕು ಸುತ್ತು ನೀರು ಹರಿದಂತೆ ಹೋದವು. ಅಶೋಕನ ಹೆಸರು ಮೊದಲಿಗೆ ಸ್ಪಷ್ಟವಾಗಿ ಸಿಕ್ಕ ಶಾಸನ ಯಾವ ಊರಿನದು? ಮಸ್ಕಿ. ನಮ್ಮ ಅಮರ್ಜಾ ಹೊಳೆ ಭೀಮೆಯನ್ನು ಎಲ್ಲಿ ಸೇರುತ್ತದೆ? ಗಾಣಗಾಪುರ. ತೊಗರಿ ಬೇರಿನ ಗಂಟುಗಳು ಗಾಳಿಯಿಂದ ಏನನ್ನು ಹಿಡಿದು ಮಣ್ಣಿಗೆ ಕೊಡುತ್ತವೆ? ಸಾರಜನಕ. ಹೂವಿನ ಸುತ್ತಿನಲ್ಲಿ ಮಧುಮತಿ ಕೇಳಿದಳು, ಕೇಸರಿ ಎಂದು ಹಾಲಿಗೆ ಹಾಕುತ್ತೀರಲ್ಲ, ಅದು ಆ ಹೂವಿನ ಯಾವ ಭಾಗ? ಹವಳಗಾದವರು ಎಸಳು ಎಂದರು, ಜೇವರ್ಗಿಯವರು ಪರಾಗ ಎಂದರು. ಪಲ್ಲವಿ ಅಂಗೈ ಮರೆ ಮಾಡಿ ಕಿವಿಗೆ ಬಾಗಿದಳು. ಭಾಗ್ಯಜ್ಯೋತಿಯ ಸ್ವರ ಮೈಕಿನಲ್ಲಿ ಗಂಟೆಯ ಹಾಗೆ ಬಂತು, "ಶಲಾಕಾಗ್ರ."

ಸಭೆ ಚಪ್ಪಾಳೆ ತಟ್ಟಿತು. "ಏನ್ ಹುಡುಗಿರೀ ದೌಲತರಾಯರ ಮಗಳು!" ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ಭಾಗಮ್ಮ ಕಂಬಕ್ಕೆ ಒರಗಿ ನಿಂತವಳು ತಾನೂ ಚಪ್ಪಾಳೆ ತಟ್ಟುತ್ತಿದ್ದಳು.

ಆಮೇಲೆ ಚಹಾ ಬಿಡುವು. ಶಾಂತಲಿಂಗಪ್ಪನವರು ಚಹಾದ ಕಪ್ಪು-ಬಸಿ ಕೈಯಲ್ಲಿ ಹಿಡಿದುಕೊಂಡೇ ಮೈಕಿಗೆ ಬಂದು ಹೇಳಿದರು: ಕಲಬುರಗಿಯ ವಸತಿಗೃಹದಲ್ಲಿ ಜಾಗದ ಅಡಚಣೆಯಾಗಿದೆ. ತರಬೇತಿಯ ಸೀಟು ಮುಖ್ಯ ಸ್ಪರ್ಧಿಗೆ. ಸಹಾಯಕಿಗೆ ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟು ಸನ್ಮಾನ.

ಮಾತಾಡಲು ನನಗೆ ಯಾವತ್ತೂ ಅಂಜಿಕೆ. ಆದರೂ ಹೋಗಿ ಅವರ ಮುಂದೆ ನಿಂತೆ. "ಯಜಮಾನ್ರ, ಕರಪತ್ರದಾಗ ಗೆದ್ದ ಜೋಡಿಗೆ ಅಂತ ಇತ್ತಲ್ರಿ."

"ಜೋಡಿಗೇ ಕೊಡಾಕತ್ತೀವಲ್ಲ ತಮ್ಮಾ," ಎಂದರು ಅವರು, ಬಹಳ ಸಮಾಧಾನದಿಂದ. "ಒಬ್ಬಾಕಿಗಿ ಸೀಟು, ಒಬ್ಬಾಕಿಗಿ ಶಾಲು."

ಪಕ್ಕದಲ್ಲಿದ್ದ ದೌಲತರಾಯರು ಬಸಿಗೆ ಚಹಾ ಸುರಿದು ಕುಡಿಯುತ್ತ ಹೇಳಿದರು, "ಸನ್ಮಾನ ಅಂದ್ರ ಸಣ್ಣ ಮಾತಲ್ಲ ಸೂರ್ಯಕಾಂತ. ಅವರ ಓಣ್ಯಾಗ ಇಲ್ಲೀತನಕ ಯಾರಿಗರ ಶಾಲು ಬಿದ್ದದ ಏನು? ನೀನೇ ಹೇಳು."

ನಾನು ಮಧುಮತಿಯ ಕಡೆ ನೋಡಿದೆ. ಆಕೆ ಪ್ರಶ್ನೆಗಳ ಕಾಗದ ಹೊಂದಿಸುತ್ತಿದ್ದಳು. "ನಾ ಬರೇ ಪ್ರಶ್ನೆ ತೆಗದಾಕಿರಿ ಸರ್," ಎಂದಳು. ಮುಖ ಎತ್ತಲಿಲ್ಲ.

ಹಿಂದಿರುಗಿ ಬಂದಾಗ ಹುಡುಗಿಯರು ಮೇಜಿನಲ್ಲೇ ಇದ್ದರು. ಭಾಗ್ಯಜ್ಯೋತಿ ಬಿಸ್ಕೀಟು ಮುರಿದು ಮುರಿದು ಪುಡಿ ಮಾಡುತ್ತಿದ್ದಳು. "ಪಲ್ಲವಿ, ನನಗ ಗೊತ್ತಿದ್ದಿಲ್ಲ ಬೇ. ಖರೇನ."

"ಗೊತ್ತದ," ಎಂದಳು ಪಲ್ಲವಿ.

"ಅಪ್ಪಗ ಗೊತ್ತಿತ್ತಂತ ಕಾಣಸ್ತದ."

"ಅದೂ ಗೊತ್ತದ."

"ಮತ್ತ ಏನ್ ಮಾಡೂಣು?"

ಪಲ್ಲವಿ ಭಾಗಮ್ಮನ ಕಡೆ ನೋಡಿದಳು. ಆ ತಾಯಿಗೆ ಮೈಕಿನ ಮಾತು ಪೂರ್ತಿ ತಿಳಿದಿರಲಿಲ್ಲವೆಂದು ಕಾಣುತ್ತದೆ, ಮಗಳು ನೋಡಿದ್ದಕ್ಕೆ ನಕ್ಕು ಕೈಯೆತ್ತಿದಳು. "ಆಟ ಮುಗಸೂಣು," ಎಂದಳು ಪಲ್ಲವಿ. "ಬಾ."

ಐದನೆಯ ಸುತ್ತು, ತತ್ವಜ್ಞಾನ. ಕಣ್ಣಿಗೆ ಕಂಡದ್ದೇ ಪ್ರಮಾಣ ಎಂದವರು ಯಾರು? ಪಿಸುಮಾತು, "ಚಾರ್ವಾಕರು." ಸರಿ. ಬಸವಣ್ಣನವರು ಶರಣರನ್ನು ಕೂಡಿಸಿದ ಅನುಭವ ಮಂಟಪ ಎಲ್ಲಿತ್ತು? ಇದಕ್ಕೆ ಭಾಗ್ಯಜ್ಯೋತಿ ಕಿವಿ ಕೊಡಲಿಲ್ಲ, ತಾನೇ ಹೇಳಿದಳು, "ಬಸವಕಲ್ಯಾಣ." ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ ಮಾತು, ಯಾಕೆ ಬೇಕು ಪಿಸುಮಾತು. ದೌಲತರಾಯರು ತೊಡೆ ತಟ್ಟಿಕೊಂಡರು.

ಉಳಿದದ್ದು ಕೊನೆಯ ಪ್ರಶ್ನೆ, ನಮ್ಮ ಜೋಡಿಗೆ. ಸರಿ ಹೇಳಿದರೆ ಗೆಲುವು ನಮ್ಮದು. ತಪ್ಪಿದರೆ ಅದೇ ಪ್ರಶ್ನೆ ಜೇವರ್ಗಿಗೆ ಹೋಗುತ್ತದೆ, ಅವರು ಹೇಳಿದರೆ ಅವರೇ ಮುಂದೆ. ನಾನು ಹಲಗೆಯ ಕಡೆ ತಿರುಗಿ ಹಿಂದಿನ ಅಂಕ ಕೂಡಿಸುತ್ತಿದ್ದೆ. ಒಂದು ತಪ್ಪಾಗಬಾರದೆಂದು ಮತ್ತೆ ಕೂಡಿಸುತ್ತಿದ್ದೆ.

ಬೆನ್ನ ಹಿಂದೆ ಮಧುಮತಿಯ ಧ್ವನಿ: "ಡಾಕ್ಟರ್ ಅಂಬೇಡ್ಕರರು ಬೌದ್ಧ ಧಮ್ಮದ ದೀಕ್ಷೆ ಪಡೆದ ಸ್ಥಳ ಯಾವುದು?"

ನನ್ನ ಎದೆ ಹಗುರಾಯಿತು. ಬೇರೆ ಯಾವ ಪ್ರಶ್ನೆ ಬಂದಿದ್ದರೂ ನಾನು ಹೆದರುತ್ತಿದ್ದೆ. ಪಲ್ಲವಿಗೆ ಏನು ಸಿಗುತ್ತದೆ ಎಂಬುದು ಆ ಒಂದು ಕ್ಷಣ ನನಗೂ ಮರೆತು, ಗೆದ್ದೆವು ಎಂದುಕೊಂಡೆ. ಮೈಕಿನಲ್ಲಿ ಒಂದು ಸಣ್ಣ ಕರಕರ ಸದ್ದು. ಆಮೇಲೆ ಭಾಗ್ಯಜ್ಯೋತಿಯ ಸ್ವರ ಬಂತು.

"ಮುಂಬೈ. ಚೈತ್ಯಭೂಮಿ."

ಸೀಮೆಸುಣ್ಣ ಕೈಯಲ್ಲೇ ಮುರಿಯಿತು. ನಾನು ತಿರುಗುವಷ್ಟರಲ್ಲಿ ಇಬ್ಬರೂ ನೆಟ್ಟಗೆ ಕೂತಿದ್ದರು, ಮುಂದೆ ನೋಡುತ್ತ. ಪಲ್ಲವಿಯ ಅಂಗೈ ಬಾಯ ಹತ್ತಿರ ಇರಲಿಲ್ಲ, ಮಡಿಲಲ್ಲಿತ್ತು. ಅದು ಅಲ್ಲೇ ಇತ್ತೋ, ಆಗಷ್ಟೇ ಇಳಿಯಿತೋ, ನಾನು ಕಾಣೆ.

"ತಪ್ಪು," ಎಂದಳು ಮಧುಮತಿ. ಜೇವರ್ಗಿಯ ಹುಡುಗ ಮೈಕಿಗೆ ಹಾರಿ, "ನಾಗಪುರ!" ಎಂದ. ಅಲ್ಲಿಗೆ ಮುಗಿಯಿತು. ಸಭೆಯಲ್ಲಿ ಗುಜುಗುಜು ಎದ್ದಿತು. ಭಾಗಮ್ಮ ಮಾತ್ರ ಕಂಬದ ಹತ್ತಿರದಿಂದಲೇ ಜೋರಾಗಿ ಕೂಗಿದಳು, "ನಾಗಪುರರೀ! ನಾಗಪುರ!" ಜನ ತಿರುಗಿ ನೋಡಿ ನಕ್ಕರು. ಶಾಂತಲಿಂಗಪ್ಪನವರೂ ನಕ್ಕರು. "ಅವ್ವಾ, ಟೈಮ್ ಮುಗೀತವ್ವಾ. ನೀನೇ ಮ್ಯಾಲ ಕೂಡಬೇಕಿತ್ತು."

ಸೋತ ಜೋಡಿಗೆ ಶಾಲೂ ಇಲ್ಲ.

ತಿರುಗಿ ಬರುವಾಗ ಜೀಪಿನಲ್ಲಿ ಮಾತಾಡಿದವರು ದೌಲತರಾಯರೊಬ್ಬರೇ. "ಗ್ರೀಸು ಗೊತ್ತದ, ಕಾಶ್ಮೀರದ ಕೇಸರಿ ಗೊತ್ತದ. ತಮ್ಮ ದೇವರ ಮಾತು ಬಂದಾಗ ಗಲತ್! ಹಿಂಗಾದ್ರ ಹೆಂಗರೀ? ಎರಡು ಹೊತ್ತು ಜೈಭೀಮ್ ಅಂತೀರಿ, ಇಷ್ಟು ಗೊತ್ತಿಲ್ಲಂದ್ರ?"

"ಅಪ್ಪಾ, ಸುಮ್ನಿರು," ಎಂದಳು ಭಾಗ್ಯಜ್ಯೋತಿ.

"ನಾ ನಿನಗಂದಿಲ್ಲವ್ವಾ. ನೀ ಏನ್ ಮಾಡ್ತಿ, ಆಕಿ ಹೇಳಿದ್ದು ನೀ ಹೇಳ್ದಿ."

ಭಾಗ್ಯಜ್ಯೋತಿ ಬಾಯಿ ತೆರೆದಳು. ಪಲ್ಲವಿ ಅವಳ ಕಡೆ ನೋಡಿದಳು. ಭಾಗ್ಯಜ್ಯೋತಿ ಬಾಯಿ ಮುಚ್ಚಿದಳು. ಅಳುತ್ತಿದ್ದಳೆಂದು ನನಗೆ ಅನಿಸಿತು, ಗಾಳಿಗೆ ಕಣ್ಣಲ್ಲಿ ನೀರು ಬಂದಿದ್ದರೂ ಬಂದಿರಬಹುದು. ಭಾಗಮ್ಮ ಈ ಸಲ ಮಗಳ ದುಪಟ್ಟ ಮುಟ್ಟಲಿಲ್ಲ.

ಹದಿನೈದು ದಿನದೊಳಗೆ ಭಾಗ್ಯಜ್ಯೋತಿ ಕಲಬುರಗಿಗೆ ಹೋದಳು. ತಂದೆ ದುಡ್ಡು ಕಟ್ಟಿ ಅದೇ ತರಬೇತಿಗೆ ಸೇರಿಸಿದರು. ಜಾಗದ ಅಡಚಣೆ ಅವಳಿಗೆ ಬರಲಿಲ್ಲ. ಇದರ ಮೇಲೆ ಯೋಚಿಸಿದರೆ ನನಗೆ ಬಾಯಿ ಕಹಿಯಾಗುತ್ತದೆ. ಆ ಸೀಟು ಬಂದರೂ ಬರದಿದ್ದರೂ ಅವಳ ದಾರಿ ಅವಳಿಗಿತ್ತು. ಅದನ್ನು ಯಾರಾದರೂ ಬೇಕೆಂದೇ ತಪ್ಪಿಸಿದ್ದರೆ, ತಪ್ಪಿದ್ದು ಯಾರಿಗೆ? ಯಾರಿಗೂ ಅಲ್ಲ.

ಪಲ್ಲವಿಗೆ ಆದದ್ದು ಬೇರೆ. ಸುದ್ದಿ ಜೀಪಿಗಿಂತ ಮೊದಲೇ ಊರು ಮುಟ್ಟಿತ್ತು. ಮುಂದಿನ ಭಾನುವಾರ ವಿಹಾರದಲ್ಲಿ, ಅದನ್ನು ನೋಡಿಕೊಳ್ಳುವ ಜಗದೇವ ಕಾಕಾ ಪಂಚಶೀಲದ ಪುಸ್ತಕವನ್ನು ಇನ್ನೊಬ್ಬ ಹುಡುಗಿಯ ಕೈಗೆ ಕೊಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಕೇಳಿದಾಗ ಹೇಳಿದರು, "ಸರ್, ಎಲ್ಲಾರ ಮುಂದ ಮೈಕಿನಾಗ ನಮ್ಮ ಮಾನ ಹೋತ್ರಿ. ದೀಕ್ಷಾಭೂಮಿ ಗೊತ್ತಿಲ್ದಾಕಿ ಕಡಿಂದ ಮಕ್ಕಳಿಗಿ ಏನ್ ಓದಸ್ಲಿ?"

"ಮೈಕಿನಾಗ ಹೇಳ್ದಾಕಿ ಆಕಿ ಅಲ್ಲಲ್ರಿ ಕಾಕಾ."

"ಮತ್ತ ಆ ಮಾತು ಜ್ಯೋತಿಗಿ ಎಲ್ಲಿಂದ ಬಂತ್ರಿ? ಚೈತ್ಯಭೂಮಿ ಅಂತ ದೌಲತರಾಯರ ಮನ್ಯಾಗ ಯಾರಂತಾರ?"

ನಾನು ಹೇಳಿದೆ, ಗ್ರಂಥಾಲಯದಲ್ಲಿ ಇಬ್ಬರಿಗೂ ನಾನೇ ಓದಿಸಿದ್ದೇನೆ, ಭಾಗ್ಯಜ್ಯೋತಿಗೆ ಅದರಲ್ಲಿ ಗೊಂದಲವೂ ಇತ್ತು ಎಂದು. ಕಾಕಾ ಕೇಳಿಸಿಕೊಂಡರು, ನಂಬಲಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲದ ಮಾತು ಅವರಿಗೆ ಹೇಗೆ ನಂಬಿಕೆ ಬರಬೇಕು.

ಪಲ್ಲವಿ ಗ್ರಂಥಾಲಯಕ್ಕೆ ಬರುವುದನ್ನು ಬಿಟ್ಟಳು. ಒಂದು ದಿನ ತೊಗರಿ ರಾಶಿ ನಡೆದ ಹೊಲದ ದಂಡೆಯಲ್ಲಿ ಸಿಕ್ಕಳು. ತಲೆಗೆ ಟವೆಲು ಸುತ್ತಿಕೊಂಡಿದ್ದಳು, ರೆಪ್ಪೆಗಳ ಮೇಲೆ ಹೊಟ್ಟಿನ ಧೂಳು.

"ನಿನಗ ಗೊತ್ತಿತ್ತಲ್ಲವ್ವಾ," ಎಂದೆ.

"ಸರ್, ಮೈಕ್ ಯಾರ ಮುಂದಿತ್ರಿ?"

"ಜ್ಯೋತಿ ಮುಂದ."

"ಆಕಿನ್ನೇ ಕೇಳ್ರಿ ಮತ್ತ."

"ಊರಾಗ ನಿನ್ನ ಹೆಸರು ಕೆಡಾಕತ್ತದ. ನಾ ಹೇಳಿಲ್ಲ ಅಂತಾದ್ರೂ ಅನ್ನು."

ಅವಳು ನಕ್ಕಳು. ಸಾಕ್ರೆಟಿಸ್ ದಿನದ ನಗೆಯಲ್ಲ. "ಸರಿ ಹೇಳಿದಾಗೆಲ್ಲಾ ಹೆಸರು ಆಕಿದು ಬಂತಲ್ರಿ ಸರ್. ತಪ್ಪಿದ್ದೊಂದು ನಂದು ಅಂತ ಮಂದಿ ಕೊಟ್ಟಾರ. ಇರ್ಲಿ ಬಿಡ್ರಿ." ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡಳು.

ಭಾಗ್ಯಜ್ಯೋತಿ ಸಂಕ್ರಾಂತಿಗೆ ಊರಿಗೆ ಬಂದಾಗ ಎಳ್ಳು ಬೆಲ್ಲ ಕೊಡಲು ಗ್ರಂಥಾಲಯಕ್ಕೆ ಬಂದಳು. ಅವಳನ್ನೂ ಕೇಳಿದೆ. "ಆಕಿ ಏನಂದ್ಳು?" ಎಂದು ತಿರುಗಿ ನನ್ನನ್ನೇ ಕೇಳಿದಳು.

"ನಿನ್ನ ಕೇಳು ಅಂದ್ಳು."

"ಹಂಗಾದ್ರ ಆಕಿ ಹೇಳಿದ್ದೇ ನಾ ಹೇಳ್ದೆ ಅಂತ ತಿಳ್ಕೋರಿ."

"ಹಂಗ ತಿಳ್ಕೊಳ್ಳೂದಲ್ಲವ್ವಾ. ಖರೇ ಏನಾತು?"

"ಸರ್," ಎಂದಳು, ಕುಪ್ಪಸದ ತೋಳಿನಿಂದ ಮೂಗು ಒರೆಸಿಕೊಂಡು, "ಆ ಸೀಟು ನನಗ ಬ್ಯಾಡಾಗಿತ್ರಿ." ಎಳ್ಳು ಬೆಲ್ಲದ ಪೊಟ್ಟಣ ಮೇಜಿನ ಮೇಲಿಟ್ಟು ಹೋದಳು. ಪಲ್ಲವಿಯ ಪಾಲಿನದೂ ಅದರಲ್ಲೇ ಇತ್ತು, ನನ್ನ ಕೈಯಲ್ಲಿ ಕಳಿಸಲು. ನಾನು ಕೊಟ್ಟೆ. ಪಲ್ಲವಿ ಇಸಕೊಂಡಳು, ತಿಂದಳೋ ಇಲ್ಲವೋ ನೋಡಲು ನಿಲ್ಲಲಿಲ್ಲ.

ಮೊನ್ನೆ ಭಾಗಮ್ಮ ಬಂದಿದ್ದಳು. ಗ್ರಂಥಾಲಯದ ಹೊಸ್ತಿಲು ಆಕೆ ತುಳಿದದ್ದು ಅದೇ ಮೊದಲು. ಒಳಗೆ ಬಂದು ಕುರ್ಚಿಯಲ್ಲಿ ಕೂರಿರಿ ಎಂದರೆ ಕೂರಲಿಲ್ಲ.

"ಸರ್, ನೀವು ಓದಿದವರು. ಅಲ್ಲೇ ಅವರ ಹಿಂದೇ ನಿಂತಿದ್ರಿ. ನನಗೊಂದು ಹೇಳ್ರಿ. ನನ್ನ ಮಗಳು ಮರ್ತು ತಪ್ಪು ಹೇಳ್ಯಾಳೋ, ಬೇಕಂತ ತಪ್ಪು ಹೇಳ್ಯಾಳೋ, ಇಲ್ಲಾ ಏನೂ ಹೇಳೇ ಇಲ್ಲೋ?"

"ಆಕಿನ್ನ ಕೇಳೀರೇನ್ರಿ ಅವ್ವಾ?"

"ಕೇಳೀನಿ. ಫೋಟೋದ ಕಡೆ ಮಾರಿ ಮಾಡಿ ಕೂಡ್ತಾಳ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು, "ಮರ್ತಿದ್ರ, ಇಷ್ಟು ವರ್ಷ ಆಕಿನ್ನ ಹೊತ್ಕೊಂಡು ನಾ ನಾಗಪುರಕ್ಕ ಹೋಗಿದ್ದು ಖಾಲಿ ಹೋತು. ಬೇಕಂತ ಹೇಳಿದ್ರ, ಬಾಬಾಸಾಹೇಬರ ಹೆಸರಿನ ಮ್ಯಾಲ ಸುಳ್ಳು ಹೇಳ್ದಂಗಾತು, ಅದೂ ಒಂದು ಸೀಟಿನ ಸಿಟ್ಟಿಗಿ. ಯಾವುದಾದ್ರೂ ನನಗ ನಿದ್ದಿ ಬರಂಗಿಲ್ಲ. ಏನೂ ಹೇಳಿಲ್ಲ ಅಂತ ನೀವಂದ್ರ ಮಾತ್ರ ಬರ್ತದ. ಹೇಳ್ರಿ ಸರ್. ನೀವು ಹೇಳಿದ್ರ ಜಗದೇವಗೂ ನಾ ಹೇಳ್ತೀನಿ, ಭಾನುವಾರದ ಪುಸ್ತಕ ತಿರುಗಿ ಕೊಡ್ತಾನ."

ಹೌದು, ಏನೂ ಹೇಳಲಿಲ್ಲ, ಭಾಗ್ಯಜ್ಯೋತಿಯೇ ಗಾಬರಿಯಲ್ಲಿ ಅಂದುಬಿಟ್ಟಳು. ಇಷ್ಟು ಹೇಳಿದ್ದರೆ ಆಕೆ ಹಗುರಾಗಿ ಮನೆಗೆ ಹೋಗುತ್ತಿದ್ದಳು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅದು ನಿಜವೆಂದು ನನಗೆ ಗೊತ್ತಿರಲಿಲ್ಲ. ಸುಳ್ಳೆಂದೂ ಗೊತ್ತಿರಲಿಲ್ಲ. ಹೇಳಿದ ಮೇಲೆ ಆ ಇಬ್ಬರಲ್ಲಿ ಒಬ್ಬಳು ಎಂದಾದರೂ ಬಾಯಿ ಬಿಟ್ಟರೆ, ಆ ತಾಯಿಗೆ ನಾನು ಯಾವ ಮುಖ ತೋರಿಸಲಿ?

"ನನ್ನ ಬೆನ್ನು ಅವರ ಕಡೆ ಇತ್ರಿ ಅವ್ವಾ," ಎಂದೆ. "ನನಗ ಕಾಣಲಿಲ್ಲ."

ಆಕೆ ಸುತ್ತಲಿನ ಪುಸ್ತಕಗಳನ್ನು ಒಂದು ಸಲ ನೋಡಿದಳು. "ಇಷ್ಟೆಲ್ಲಾ ಇಟ್ಕೊಂಡೀರಿ," ಎಂದಳು. ಬೈಗುಳವೋ ಬರೀ ಮಾತೋ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೋದಳು.

ಆ ಕೊನೆಯ ಪ್ರಶ್ನೆಗೆ ಪಲ್ಲವಿ ಭಾಗ್ಯಜ್ಯೋತಿಯ ಕಿವಿಗೆ ಬಾಗಿದಳೋ ಇಲ್ಲವೋ, ಬಾಗಿದ್ದರೆ ಏನು ಹೇಳಿದಳು, ಅವಳು ಹೇಳಿದ್ದನ್ನೇ ಭಾಗ್ಯಜ್ಯೋತಿ ಹೇಳಿದಳೋ ಬೇರೆ ಹೇಳಿದಳೋ, ಅದು ಸಿಟ್ಟೋ ಗಾಬರಿಯೋ ಗೆಳತಿಗಾಗಿ ಸೀಟು ಬಿಟ್ಟದ್ದೋ, ನನಗೆ ಗೊತ್ತಿಲ್ಲ.